ನೀರು ನೋಡುವವನ ನೆಗಡಿ

ನಮ್ಮ ಊರಿನ ನ್ಯಾಯದಾನದ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದನ್ನು ಎರಡು ಕಾಂಡವಾಗಿ ಒಡೆಯದೆ ಬೇರೆ ದಾರಿಯಿಲ್ಲ: ನನಗೆ ನೆಗಡಿಯಾಗುವುದಕ್ಕೆ ಮೊದಲು, ನನಗೆ ನೆಗಡಿಯಾದ ಮೇಲೆ. ಜಂಬಕ್ಕೆ ಹೇಳುತ್ತಿಲ್ಲ. ಎಲ್ಲರಿಗೂ ಬರುವಂಥ ನೆಗಡಿಯೇ ಅದು. ಮೂರು ದಿನ ಮೂಗು ಸೋರಿತು, ನಾಲ್ಕನೆಯ ದಿನ ಕಟ್ಟಿತು, ನನ್ನ ಹೆಂಡತಿ ಸಾಕಮ್ಮ ಮೆಣಸಿನ ಕಷಾಯ ಕುಡಿಸಿದಳು, ವಾರದೊಳಗೆ ಎದ್ದು ಓಡಾಡಿದೆ. ಆದರೆ ಆ ನೆಗಡಿ ಹೋಗುವಾಗ ನನ್ನ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಬೇರೆ ಯಾರಿಗಾದರೂ ಹೀಗಾಗಿದ್ದರೆ ಮನೆಯ ಅಡುಗೆಯವರಿಗೆ ಅನುಕೂಲವಾಗುತ್ತಿತ್ತು, ಅಷ್ಟೆ. ನಾನು ಕೋರ್ಟಿನಲ್ಲಿ ನೀರು ನೋಡುವವನು.

ನಮ್ಮ ಕೋರ್ಟಿನ ಕಟಕಟೆಯ ಪಕ್ಕದಲ್ಲಿ ಒಂದು ತಾಮ್ರದ ಹಂಡೆ ಇದೆ. ಮಾತಾಡುವವರು ಅದರ ಕಂಠದ ಮೇಲೆ ಅಂಗೈ ಇಟ್ಟುಕೊಂಡು ಮಾತಾಡಬೇಕು. ಗೊತ್ತಿದ್ದೂ ಸುಳ್ಳು ಹೇಳಿದರೆ ನೀರು ಉಪ್ಪಾಗುತ್ತದೆ. ಪ್ರತಿಯೊಂದು ಹೇಳಿಕೆ ಮುಗಿದ ಮೇಲೂ ನಾನು ಒಂದು ಉದ್ಧರಣೆ ನೀರನ್ನು ಬಾಯಿಗೆ ಬಿಟ್ಟುಕೊಂಡು, ನ್ಯಾಯಾಧೀಶರ ಕಡೆ ತಿರುಗಿ, ‘ಸಪ್ಪೆ’ ಎಂದೋ ‘ಉಪ್ಪು’ ಎಂದೋ ಹೇಳಬೇಕು. ಗುಮಾಸ್ತರು ಬರೆದುಕೊಳ್ಳುತ್ತಾರೆ. ಉಪ್ಪಾದ ನೀರನ್ನು ಹಿತ್ತಲಿನ ತೆಂಗಿನ ಮರಗಳಿಗೆ ಚೆಲ್ಲಿ ಹೊಸ ನೀರು ತುಂಬುತ್ತಾರೆ. ನಮ್ಮ ಕೋರ್ಟಿನ ತೆಂಗಿನಕಾಯಿಗೆ ಸುತ್ತಮುತ್ತಲ ಊರುಗಳಲ್ಲೆಲ್ಲ ಒಳ್ಳೆಯ ಹೆಸರಿದೆ.

ಇಂಥ ಊರಿನಲ್ಲಿ ‘ಹುಡುಗ ಸಪ್ಪೆ’ ಎಂದರೆ ಹೆಣ್ಣು ಕೊಡುವವರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಹಾಗೆಂದು ನಮ್ಮವರೆಲ್ಲ ಸತ್ಯ ಹೇಳುತ್ತಾರೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಸುಳ್ಳು ಹೇಳುವುದಿಲ್ಲ, ಅಷ್ಟೆ. ‘ಸೈಕಲ್ಲು ಕದ್ದೆಯಾ?’ ಎಂದು ಕೇಳಿದರೆ, ‘ಸೈಕಲ್ಲು ಕದಿಯೋದು ಮಹಾಪಾಪ ಸ್ವಾಮಿ’ ಎನ್ನುತ್ತಾರೆ. ನೀರು ಸಪ್ಪೆ. ಇಂಥ ಮಾತನ್ನು ಕಟ್ಟಿಕೊಡುವುದಕ್ಕೆಂದೇ ವಕೀಲರಿದ್ದಾರೆ. ಅದಕ್ಕೆ ಮದ್ದಾಗಿ ಹಿಂದೆ ಯಾರೋ ನ್ಯಾಯಾಧೀಶರು ಒಂದು ಕಟ್ಟಳೆ ಮಾಡಿದ್ದರು. ಆರೋಪಿಗೆ ಒಂದೇ ವಾಕ್ಯ. ‘ಮಾಡಿದೆ’ ಎನ್ನಬೇಕು, ಇಲ್ಲವೇ ‘ಮಾಡಲಿಲ್ಲ’ ಎನ್ನಬೇಕು. ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ. ಪೊಲೀಸರಿಗೂ ಇದರಿಂದ ಬಹಳ ಬಿಡುವಾಗಿತ್ತು. ಇನ್ಸ್‌ಪೆಕ್ಟರ್ ಬೋರಲಿಂಗಯ್ಯನವರು ನಮ್ಮ ಠಾಣೆಗೆ ಬಂದು ಒಂಬತ್ತು ವರ್ಷವಾಗಿದ್ದರೂ ಕಳವಾದ ಮನೆಯ ಹೊಸ್ತಿಲನ್ನು ಒಮ್ಮೆಯೂ ತುಳಿದಿರಲಿಲ್ಲ. ‘ಅಲ್ಲೋಗಿ ನಾನೇನು ನೋಡ್ಲಿ? ಗೋಡೆ ಮಾತಾಡುತ್ತಾ? ಮಾತಾಡೋರನ್ನ ನೀರಿನ ಮುಂದೆ ನಿಲ್ಲಿಸ್ತೀನಿ’ ಎನ್ನುತ್ತಿದ್ದರು. ಠಾಣೆಯ ಅಳತೆ ಟೇಪು ಅವರ ಮನೆಯಲ್ಲಿತ್ತು. ಅವರ ಹೆಂಡತಿ ಅದರಲ್ಲಿ ಪರದೆಯ ಬಟ್ಟೆ ಅಳೆಯುತ್ತಿದ್ದರು.

ನಾಲಿಗೆ ಸತ್ತದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದುಕೊಂಡೆ. ಮೊದಲನೆಯ ದಿನ ಬಾಯಲ್ಲಿ ನೀರು ಹಿಡಿದುಕೊಂಡು ನಿಂತಾಗ ಏನೂ ಗೊತ್ತಾಗಲಿಲ್ಲ. ಎದುರಿಗಿದ್ದ ಸಾಕ್ಷಿಯ ಕಾಲಿನ ಹೆಬ್ಬೆರಳು ನೆಲವನ್ನು ಕೆರೆಯುತ್ತಿತ್ತು. ‘ಉಪ್ಪು’ ಎಂದೆ. ಅವನು ತಕ್ಷಣ ಅಳುತ್ತಾ ಎಲ್ಲ ಒಪ್ಪಿಕೊಂಡುಬಿಟ್ಟ. ಆಮೇಲೆ ಅದೇ ಅಭ್ಯಾಸವಾಯಿತು. ನಾಲಿಗೆಯ ಕೆಲಸವನ್ನು ಕಣ್ಣೂ ಕಿವಿಯೂ ಹಂಚಿಕೊಂಡವು. ಎಂಜಲು ನುಂಗುವವರು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವರು, ಕೇಳದಿದ್ದರೂ ದೇವರ ಹೆಸರು ತೆಗೆಯುವವರು, ಎಲ್ಲರನ್ನೂ ಗುರುತು ಹಿಡಿಯತೊಡಗಿದೆ. ಹೀಗೆ ಹನ್ನೊಂದು ತಿಂಗಳು ನಡೆಯಿತು. ಯಾರೂ ದೂರಲಿಲ್ಲ. ‘ಲಕ್ಕಪ್ಪನ ನಾಲಿಗೆ ಈಚೆಗೆ ಇನ್ನೂ ಸೂಕ್ಷ್ಮವಾಗಿದೆ’ ಎಂದು ನ್ಯಾಯಾಧೀಶೆ ಕಾತ್ಯಾಯಿನಿ ಮೇಡಂ ಗುಮಾಸ್ತರ ಹತ್ತಿರ ಹೇಳಿದರಂತೆ.

ಹನ್ನೊಂದನೆಯ ತಿಂಗಳಲ್ಲಿ ದ್ಯಾವೀರಮ್ಮನ ಮೊಕದ್ದಮೆ ಬಂತು.

ದ್ಯಾವೀರಮ್ಮ ಚಾಪೆ ಗೋದಾಮಿನಲ್ಲಿ ಹನ್ನೆರಡು ವರ್ಷ ಚಾಪೆಗೆ ಅಂಚು ಕಟ್ಟುತ್ತಿದ್ದವಳು. ಬಾಯಿ ಜೋರು. ಯಜಮಾನ ಒಂದು ದಿನ ಅವಳನ್ನು ಕೆಲಸದಿಂದ ಬಿಡಿಸಿದಾಗ ಅವಳು ಗೋದಾಮಿನ ಮುಂದೆ ನಿಂತು, ನಲವತ್ತು ಜನ ಕೇಳುವಂತೆ, ‘ನಿನ್ನ ಗೋದಾಮಿಗೆ ಬೆಂಕಿ ಬೀಳ’ ಎಂದು ಬೈದಿದ್ದಳು. ಐದನೆಯ ದಿನ ಸಂಜೆ ಬೆಂಕಿ ಬಿತ್ತು. ಕಾವಲುಗಾರನ ಎರಡೂ ಕೈ ಸುಟ್ಟು ಬೊಬ್ಬೆಯೆದ್ದವು. ಯಾರ ಮೇಲೆ ಗುಮಾನಿ ಎಂದು ಬೋರಲಿಂಗಯ್ಯನವರು ತಲೆ ಕೆರೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಸಾಕ್ಷಿಯೂ ತಾನಾಗಿಯೇ ಸಿಕ್ಕಿತು. ಗೋದಾಮಿನ ಹಿಂದಿನ ಓಣಿಯಲ್ಲಿ, ಮಹಡಿ ಮನೆಯಲ್ಲಿದ್ದ ನರಹರಯ್ಯ ಮೇಷ್ಟ್ರು, ಮೂವತ್ತೊಂದು ವರ್ಷ ಊರಿನ ಮಕ್ಕಳಿಗೆಲ್ಲ ಡ್ರಾಯಿಂಗ್ ಕಲಿಸಿದವರು, ಊರಿನಲ್ಲಿ ಅವರಿಗಿಂತ ಸಪ್ಪೆ ಮನುಷ್ಯ ಇಲ್ಲ ಎಂದು ಎಲ್ಲರೂ ಒಪ್ಪುವಂಥವರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಅವರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಕೋರ್ಟಿಗೆ ತಂದರು. ಅವರು ಹಂಡೆಯ ಮೇಲೆ ಕೈಯಿಟ್ಟು ಹೇಳಿದರು: ‘ಅವತ್ತು ಸಂಜೆ ನಾಲ್ಕೂವರೆಗೆ ನಮ್ಮ ಮಹಡಿಯ ಕೋಣೆಯಿಂದ ದ್ಯಾವೀರಮ್ಮನನ್ನು ನೋಡಿದೆ. ತಗಡಿನ ಡಬ್ಬ ಹಿಡಿದುಕೊಂಡು ಗೋದಾಮಿನ ಹಿಂಬಾಗಿಲಲ್ಲಿ ನಿಂತಿದ್ದಳು.’

ಮೇಷ್ಟ್ರ ಹೆಬ್ಬೆರಳು ಅಲುಗಲಿಲ್ಲ, ಎಂಜಲು ನುಂಗಲಿಲ್ಲ, ದೇವರ ಹೆಸರೆತ್ತಲಿಲ್ಲ. ನಾನು ನೀರು ಬಾಯಿಗೆ ಬಿಟ್ಟುಕೊಂಡು ‘ಸಪ್ಪೆ’ ಎಂದೆ. ಸರಿಯಾಗಿಯೇ ಹೇಳಿದ್ದೆ.

ಆಮೇಲೆ ದ್ಯಾವೀರಮ್ಮ ಕೈಯಿಟ್ಟಳು. ‘ನಾನು ಬೆಂಕಿ ಹಾಕ್ಲಿಲ್ಲ’ ಎಂದಳು.

ಅವಳ ಹೆಬ್ಬೆರಳೂ ಅಲುಗಲಿಲ್ಲ. ಅಲ್ಲಿ ನನಗೆ ಕಷ್ಟವಾಯಿತು. ಒಬ್ಬರು ಹೌದೆಂದು, ಇನ್ನೊಬ್ಬರು ಅಲ್ಲವೆಂದು ಹೇಳಿದಾಗ ಇಬ್ಬರಲ್ಲಿ ಒಬ್ಬರದು ಉಪ್ಪಾಗಲೇಬೇಕು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಬರೆದಿಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟು ಸ್ಪಷ್ಟವಾಗಿತ್ತು. ಮೇಷ್ಟ್ರಿಗೆ ಆಗಲೇ ಸಪ್ಪೆ ಕೊಟ್ಟಾಗಿತ್ತು. ‘ಉಪ್ಪು’ ಎಂದೆ.

ದ್ಯಾವೀರಮ್ಮ ನ್ಯಾಯಾಧೀಶರನ್ನು ನೋಡಲಿಲ್ಲ, ವಕೀಲರನ್ನು ನೋಡಲಿಲ್ಲ. ನನ್ನನ್ನೇ ನೋಡಿ, ಬಾಯಿ ಜೋರಿನವಳೆಂದು ಹೆಸರಾದವಳು, ಮೆಲ್ಲಗೆ ಅಂದಳು: ‘ಇನ್ನೊಂದ್ಸಲ ಕುಡಿದು ನೋಡಣ್ಣಾ.’

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ‘ನೋಡಿ ಲಕ್ಕಪ್ಪ, ಅದಕ್ಕೇನಂತೆ’ ಎಂದರು. ನಾನು ಇನ್ನೊಂದು ಉದ್ಧರಣೆ ಕುಡಿದೆ. ಬಾಯಲ್ಲಿ ಏನೂ ಇರಲಿಲ್ಲ, ತಣ್ಣಗಿತ್ತು ಅಷ್ಟೆ. ‘ಉಪ್ಪು’ ಎಂದೆ.

ಅಪರಾಧ ಸಾಬೀತಾಯಿತು. ಬೆಂಕಿ ಹಾಕಿದವರಿಗೆ ನಮ್ಮಲ್ಲಿ ಏಳು ವರ್ಷ. ಶಿಕ್ಷೆಯನ್ನು ಸೋಮವಾರ ಓದುವುದೆಂದು ತೀರ್ಮಾನವಾಗಿ, ಅವತ್ತು ಬುಧವಾರ, ಎಲ್ಲರೂ ಊಟಕ್ಕೆ ಎದ್ದರು.

ಶನಿವಾರ ಸಾಕಮ್ಮ ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದವಳು ಬಂದು, ಹಿಟ್ಟಿನ ಡಬ್ಬ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ‘ಅಲ್ರೀ, ಆ ದ್ಯಾವೀರಮ್ಮನ ಡಬ್ಬ ಇನ್ನೂ ಗಿರಣಿ ಹಿಂಬಾಗಿಲಲ್ಲೇ ಕೂತಿದೆ’ ಎಂದಳು.

‘ಯಾವ ಡಬ್ಬ?’

‘ರಾಗಿ ಡಬ್ಬ. ಬಿಳೀ ಬಣ್ಣದಲ್ಲಿ ಹೆಸರು ಬರೆದಿದೆ. ಬೆಂಕಿ ಬಿದ್ದ ದಿನದಿಂದ ಅಲ್ಲೇ ಇದೆಯಂತೆ. ಅವತ್ತು ಸಂಜೆ ಗಿರಣಿಯವನು ಚಾ ಕುಡಿಯೋಕೆ ಹೋಗಿದ್ನಂತೆ, ಬಂದು ನೋಡಿದ್ರೆ ಬಾಗಿಲಲ್ಲಿ ಡಬ್ಬ ಇತ್ತಂತೆ. ಹುಳ ಬೀಳುತ್ತೆ, ಯಾರಿಗೆ ಕೊಡ್ಲಿ ಅಂತ ನನ್ನ ಕೇಳ್ತಾನೆ.’

‘ಪೊಲೀಸ್ನೋರಿಗೆ ಹೇಳಲಿಲ್ವಂತಾ?’

‘ಅವರು ಕೇಳಲಿಲ್ವಂತೆ.’

ನಾನು ಅಂಗಿ ಹಾಕಿಕೊಂಡು ಸಾಕಮ್ಮನನ್ನೂ ಕರೆದುಕೊಂಡು ಹೊರಟೆ. ಗಿರಣಿ ಮತ್ತು ಗೋದಾಮು ಒಂದೇ ಉದ್ದನೆಯ ಗೋಡೆಗೆ ಬೆನ್ನು ಕೊಟ್ಟುಕೊಂಡಿವೆ. ಹಿಂದಿನ ಓಣಿಯಲ್ಲಿ ಆ ಗೋಡೆಗೆ ಎರಡು ಕಬ್ಬಿಣದ ಬಾಗಿಲುಗಳು, ಎರಡಕ್ಕೂ ಒಂದೇ ನೀಲಿ ಬಣ್ಣ. ಓಣಿಯಲ್ಲಿ ನಿಂತು ನೋಡಿದರೆ ಎಡಗಡೆಯದು ಗಿರಣಿ, ಬಲಗಡೆಯದು ಗೋದಾಮು. ಬೆಂಕಿ ಮುಂಭಾಗದಲ್ಲೇ ನಿಂತಿದ್ದರಿಂದ ಹಿಂಬಾಗಿಲಿಗೆ ಮಸಿ ಕೂಡ ತಗಲಿರಲಿಲ್ಲ. ದ್ಯಾವೀರಮ್ಮನ ಡಬ್ಬ ಎಡಗಡೆಯ ಬಾಗಿಲಲ್ಲಿತ್ತು. ಮುಚ್ಚಳ ತೆಗೆದೆ. ರಾಗಿ. ಸೀಮೆಎಣ್ಣೆಯ ವಾಸನೆಯೇನಾದರೂ ಇದೆಯೇ ಎಂದು ಮೂಸಿದೆ. ಆಮೇಲೆ ನಾಲಿಗೆಯ ಜೊತೆಗೆ ನನ್ನ ಮೂಗೂ ಸತ್ತಿದ್ದದ್ದು ನೆನಪಾಗಿ, ಸಾಕಮ್ಮನಿಗೆ ಮೂಸಲು ಹೇಳಿದೆ. ‘ರಾಗಿ ವಾಸನೆ’ ಎಂದಳು. ‘ಇದೇ ಬಾಗಿಲಲ್ಲಿ ನಿಂತಿರು, ಬಂದೆ’ ಎಂದು ಹೇಳಿ ಎದುರು ಮನೆಯ ಮಹಡಿ ಹತ್ತಿದೆ.

ಮೇಷ್ಟ್ರು ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಕಿಟಕಿ ಅವರ ಬೆನ್ನ ಹಿಂದೆ ಇತ್ತು. ಬೆಳಕು ಹೆಗಲ ಮೇಲಿಂದ ಪೇಪರಿನ ಮೇಲೆ ಬೀಳಲಿ ಎಂದು ಸೊಸೆ ಹಾಗೆ ಕೂರಿಸಿದ್ದಳು. ಎದುರಿಗೆ ಕಬ್ಬಿಣದ ಬೀರು, ಬೀರುವಿಗೆ ಆಳುದ್ದದ ಕನ್ನಡಿ.

‘ಬಾರಯ್ಯಾ ಲಕ್ಕಪ್ಪ. ಈಗ ತಾನೇ ನೀನು ಓಣಿಯಲ್ಲಿ ಬಂದದ್ದು ನೋಡಿದೆ’ ಎಂದರು, ಪೇಪರಿನಿಂದ ತಲೆಯೆತ್ತಿ ಎದುರಿಗೇ ನೋಡುತ್ತಾ. ಹಾಗೆ ನೋಡುತ್ತಿದ್ದವರು ಹುಬ್ಬು ಗಂಟಿಕ್ಕಿದರು. ‘ಅಲ್ಲಯ್ಯಾ, ನಿನ್ನ ಹೆಂಡ್ತಿ ಆ ಗೋದಾಮಿನ ಬಾಗಿಲಲ್ಲಿ ಏನು ಮಾಡ್ತಿದ್ದಾಳೆ? ಅಲ್ಲಿಗೆ ಯಾರೂ ಹೋಗಕೂಡದು ಅಂತ ಪೊಲೀಸರು ಹೇಳಿಲ್ವೇ? ಈಚೆ ಬರೋಕೆ ಹೇಳು.’

ಕುರ್ಚಿಯ ಹಿಂದೆ ಹೋಗಿ, ಅದನ್ನು ಮೆಲ್ಲಗೆ ಕಿಟಕಿಯ ಕಡೆಗೆ ತಿರುಗಿಸಿದೆ.

ಮೇಷ್ಟ್ರು ಬಹಳ ಹೊತ್ತು ನೋಡಿದರು. ತಲೆ ಹೊರಳಿಸಿ ಕನ್ನಡಿಯನ್ನೊಮ್ಮೆ, ಮತ್ತೆ ಕಿಟಕಿಯನ್ನೊಮ್ಮೆ. ಕನ್ನಡಿಯಲ್ಲಿ ಬಲಗಡೆಗೆ ಕಂಡ ಬಾಗಿಲು ಕಿಟಕಿಯಲ್ಲಿ ಎಡಗಡೆಗಿತ್ತು. ಕೆಳಗೆ ಸಾಕಮ್ಮ, ಬಿಸಿಲಿಗೆ ಬೇಸತ್ತು, ಮೊರದಿಂದ ಗಾಳಿ ಹಾಕಿಕೊಳ್ಳುತ್ತಾ ಗಿರಣಿಯ ಬಾಗಿಲಲ್ಲಿ ನಿಂತಿದ್ದಳು.

‘ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದೆ ಕಣಯ್ಯಾ’ ಎಂದರು ಕೊನೆಗೆ. ‘ಹಾಗಾದ್ರೆ ನಾನು ಸುಳ್ಳು ಹೇಳಿದ್ನೇ?’

‘ಇಲ್ಲ ಮೇಷ್ಟ್ರೇ. ನೀವು ಕಂಡದ್ದನ್ನೇ ಹೇಳಿದ್ರಿ. ನೀರು ಸಪ್ಪೆಯೇ ಇದ್ದಿರುತ್ತೆ.’

‘ಇದ್ದಿರುತ್ತೆ ಅಂದರೇನು? ಕುಡಿದವನು ನೀನಲ್ಲವೇ?’

ಡ್ರಾಯಿಂಗ್ ಮೇಷ್ಟ್ರ ಕಣ್ಣು ಕೈಕೊಟ್ಟಿದ್ದರೂ ಕಿವಿ ಚೆನ್ನಾಗಿತ್ತು. ನಾನು ನಮಸ್ಕಾರ ಮಾಡಿ ಮೆಟ್ಟಿಲಿಳಿದೆ.

ಅಲ್ಲಿಂದ ಠಾಣೆಗೆ ಹೋಗಿ ಬೋರಲಿಂಗಯ್ಯನವರಿಗೆ ಬಾಗಿಲು, ಡಬ್ಬ, ಕನ್ನಡಿ, ಎಲ್ಲವನ್ನೂ ಹೇಳಿದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ ಕೇಳಿದರು.

‘ನೀವು ಹೇಳೋದು ಸರಿ ಇರಬಹುದು ಲಕ್ಕಪ್ಪನೋರೇ. ಮೇಷ್ಟ್ರಿಗೆ ಬಾಗಿಲು ತಪ್ಪಾಯ್ತು ಅಂತಲೇ ಇಟ್ಕೊಳ್ಳಿ. ಆದರೆ ಆ ಹೆಂಗಸು ಬೆಂಕಿ ಹಾಕ್ಲಿಲ್ಲ ಅಂದಾಗ ನೀರು ಉಪ್ಪಾಯ್ತಲ್ಲ? ಅದೂ ಎರಡು ಸಲ ಕುಡಿದು ಹೇಳಿದ್ರಿ. ನಿಮ್ಮ ಉಪ್ಪು ಅಲ್ಲಿ ಕಲ್ಲು ಥರ ಕೂತಿದೆ ಸ್ವಾಮಿ. ಅದನ್ನ ಎತ್ತೋರು ಯಾರು?’

ಅವರು ತಮಾಷೆಗೆ ಕೇಳಿರಲಿಲ್ಲ. ಅದನ್ನು ಎತ್ತಬಲ್ಲವನು ಒಬ್ಬನೇ, ಅವನು ಅವರ ಎದುರಿಗೇ ನಿಂತಿದ್ದ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಸಾಕಮ್ಮನಿಗೆ ಹೇಳಿದೆ. ‘ನನಗೆ ರುಚಿ ಗೊತ್ತಾಗಲ್ಲ ಕಣೇ. ಆ ನೆಗಡಿ ಆದಾಗಿನಿಂದ.’

‘ಗೊತ್ತು’ ಎಂದಳು, ಸಾರಿನ ಸೌಟು ಕೆಳಗಿಡದೆ. ‘ಡಾಕ್ಟ್ರು ನಿಮಗೆ ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಅಂದ್ರಲ್ಲ, ಅವತ್ತಿಂದ ನಿಮ್ಮ ಸಾರಿಗೆ ಉಪ್ಪೇ ಹಾಕಿಲ್ಲ ನಾನು. ನೀವು ದಿನಾ ಚೆನ್ನಾಗಿದೆ ಚೆನ್ನಾಗಿದೆ ಅಂತ ಉಣ್ತಿದ್ರಿ. ಮೊದಲು ಒಂದು ವಾರ ನನ್ನ ಮೇಲೆ ಪ್ರೀತಿ ಅಂತ ಅಂದ್ಕೊಂಡಿದ್ದೆ.’

‘ಯಾಕೆ ಹೇಳಲಿಲ್ಲ?’

‘ನೀವು ಯಾಕೆ ಹೇಳಲಿಲ್ಲ?’

ಮಜ್ಜಿಗೆ ಬಡಿಸುವಾಗ ಅವಳು, ‘ಹೇಳಿದ್ರೆ ನಿಮ್ಮನ್ನ ಒಳಗೆ ಹಾಕ್ತಾರಾ?’ ಎಂದು ಕೇಳಿದಳು. ಹಾಕಬಹುದು ಎಂದೆ. ‘ಹೇಳದಿದ್ರೆ ಅವಳು ಏಳು ವರ್ಷ’ ಎಂದಳು. ಹೌದು ಎಂದೆ. ‘ನಿಮಗೆ ಏಳು ವರ್ಷ ಹಾಕಲ್ಲ ಬಿಡಿ’ ಎಂದು ಎಲೆ ಎತ್ತಿದಳು.

ಸೋಮವಾರ ಕೋರ್ಟು ತುಂಬಿತ್ತು. ಚಾಪೆ ಗೋದಾಮಿನ ಯಜಮಾನ ಮುಂದಿನ ಸಾಲಿನಲ್ಲಿದ್ದ. ಕೈಗೆ ಬಟ್ಟೆ ಸುತ್ತಿಕೊಂಡ ಕಾವಲುಗಾರ ಅವನ ಹಿಂದೆ. ದ್ಯಾವೀರಮ್ಮ ಕಟಕಟೆಯಲ್ಲಿ ನೆಲ ನೋಡುತ್ತಾ ನಿಂತಿದ್ದಳು. ಮೇಡಂ ಕಾಗದ ತೆಗೆದು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ನಾನು ನನ್ನ ಸ್ಟೂಲಿನಿಂದ ಎದ್ದು ಹೋಗಿ ಹಂಡೆಯ ಮೇಲೆ ಕೈಯಿಟ್ಟೆ. ಇಪ್ಪತ್ತಾರು ವರ್ಷ ಅದರ ಪಕ್ಕದಲ್ಲಿ ಕೂತಿದ್ದೆನಾದರೂ ಅದರ ಕಂಠ ಅಷ್ಟು ತಣ್ಣಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

‘ಏನಾಯ್ತು ಲಕ್ಕಪ್ಪ? ಮೈ ಹುಷಾರಿಲ್ವೇ?’ ಎಂದರು ಮೇಡಂ.

‘ನನಗೆ ಹನ್ನೊಂದು ತಿಂಗಳಿಂದ ರುಚಿ ಗೊತ್ತಾಗ್ತಿಲ್ಲ ಮೇಡಂ. ಬುಧವಾರ ಈಕೆಯ ಮಾತಿಗೆ ಉಪ್ಪು ಅಂದದ್ದು ಅಂದಾಜಿಗೆ ಅಂದದ್ದು. ಎರಡನೇ ಸಲ ಅಂದದ್ದು ಮೊದಲನೇ ಸಲ ಅಂದಿದ್ದೆನಲ್ಲ ಅಂತ.’

ಸರ್ಕಾರಿ ವಕೀಲರು ಮೊದಲು ಚೇತರಿಸಿಕೊಂಡರು. ‘ಇದನ್ನು ನಂಬೋದು ಹೇಗೆ ಮೇಡಂ? ನೀರು ನೋಡೋರು ಯಾರು? ನೋಡುವವನೇ ಹೇಳ್ತಿದ್ದಾನಲ್ಲ!’

ನಿಜವಾದ ತೊಡಕೇ. ಗುಮಾಸ್ತರು ನಿಯಮದ ಪುಸ್ತಕ ತೆಗೆದು ಹಾಳೆ ಮಗುಚತೊಡಗಿದರು. ಮೇಡಂ ಅವರನ್ನು ಕಾಯಲಿಲ್ಲ. ಪೀಠದಿಂದ ಇಳಿದು ಬಂದು, ನನ್ನ ಕೈಯಿಂದ ಉದ್ಧರಣೆ ತೆಗೆದುಕೊಂಡು, ನೀರು ಮೊಗೆದು, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಬಿಟ್ಟುಕೊಂಡರು. ಇಷ್ಟು ವರ್ಷ ಆ ನೀರಿನ ಮೇಲೆ ತೀರ್ಪು ಬರೆದಿದ್ದ ಅವರು ಅದನ್ನು ಕುಡಿದದ್ದು ಅದೇ ಮೊದಲು.

‘ಸಪ್ಪೆ’ ಎಂದರು.

ದ್ಯಾವೀರಮ್ಮ ನೆಲದಿಂದ ಕಣ್ಣೆತ್ತಿದಳು. ನಾನು ಕೈ ತೆಗೆಯಬೇಕೆಂದಿದ್ದೆ. ಮೇಡಂ ‘ಇರಿ’ ಎಂದರು. ಅವರು ನನ್ನನ್ನು ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದರು. ‘ಇನ್ನೊಂದು ಪ್ರಶ್ನೆ. ನಿಮ್ಮ ನಾಲಿಗೆ ಸರಿಯಿದ್ದ ಕಾಲದಲ್ಲಿ, ಎದುರುಬದುರು ಮಾತು ಎರಡೂ ಸಪ್ಪೆ ಬಂದದ್ದು ಉಂಟೇ?’

ಈ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ. ನನ್ನ ಹೆಬ್ಬೆರಳು ನೆಲ ಕೆರೆಯುತ್ತಿದ್ದದ್ದು ನನಗೇ ಕಾಣುತ್ತಿತ್ತು. ಸೈಕಲ್ಲು ಕದಿಯುವುದು ಮಹಾಪಾಪ ಎಂಬ ಥರದ ಎಷ್ಟೋ ಒಳ್ಳೊಳ್ಳೆಯ ಮಾತುಗಳು ಬಾಯಿಗೆ ಬಂದವು. ಇಪ್ಪತ್ತಾರು ವರ್ಷ ಕೇಳಿದ್ದೆನಲ್ಲ.

‘ಉಂಟು’ ಎಂದೆ. ‘ಮೂರು ಸಲ. ಮೊದಲನೇ ಸಲ ಆದಾಗ ನನಗೆ ಈ ಕೆಲಸ ಕಲಿಸಿದ ಮುದ್ದಯ್ಯನವರನ್ನು ಕೇಳಿದೆ. ಅವರು, ಎರಡೂ ಸಪ್ಪೆ ಅಂದರೆ ಜನ ಹಂಡೆಯನ್ನೇ ನಂಬೋದು ಬಿಡ್ತಾರೆ, ಹಾಗಾದಾಗ ಎರಡನೆಯದಕ್ಕೆ ಉಪ್ಪು ಅಂದುಬಿಡು ಅಂದರು. ಅಂದುಬಿಟ್ಟೆ.’

‘ಎರಡನೆಯದು ಯಾವಾಗಲೂ ಆರೋಪಿಯದು’ ಎಂದರು ಮೇಡಂ.

‘ಹೌದು ಮೇಡಂ.’

ಮತ್ತೆ ಕುಡಿದರು. ಈ ಸಲ ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡರು, ಉಪ್ಪಾಗಲಿ ಎಂದು ಕಾಯುತ್ತಿದ್ದವರಂತೆ. ‘ಸಪ್ಪೆ’ ಎಂದು ಹೇಳಿ ಉದ್ಧರಣೆಯನ್ನು ಹಂಡೆಯ ಮೇಲಿಟ್ಟರು.

ಅವತ್ತು ಮಧ್ಯಾಹ್ನ ನಮ್ಮ ಊರಿನ ಕೋರ್ಟು ಮೊದಲ ಸಲ ಕಟ್ಟಡ ಬಿಟ್ಟು ಹೊರಗೆ ನಡೆಯಿತು. ಮೇಡಂ ಮುಂದೆ, ಗುಮಾಸ್ತರು ಕೊಡೆ ಹಿಡಿದುಕೊಂಡು ಪಕ್ಕದಲ್ಲಿ, ವಕೀಲರು ಕರಿ ಕೋಟಿನಲ್ಲಿ ಬೆವರುತ್ತಾ ಹಿಂದೆ. ದಾರಿಯಲ್ಲಿ ಬೋರಲಿಂಗಯ್ಯನವರು ‘ಒಂದೇ ನಿಮಿಷ’ ಎಂದು ಓಣಿಯೊಳಗೆ ತಿರುಗಿ ತಮ್ಮ ಮನೆಯಿಂದ ಟೇಪು ತಂದರು. ಅದರ ತುದಿಗೆ ಇನ್ನೂ ಗುಂಡುಸೂಜಿ ಚುಚ್ಚಿತ್ತು. ಮೇಷ್ಟ್ರ ಕುರ್ಚಿಯಲ್ಲಿ ಮೇಡಂ ಕೂತರು, ಕನ್ನಡಿ ನೋಡಿದರು, ಎದ್ದು ಕಿಟಕಿ ನೋಡಿದರು. ಮೇಷ್ಟ್ರು ಮಂಚದ ಮೇಲೆ ಒರಗಿಕೊಂಡು ಒಂದು ಹಾಳೆಯಲ್ಲಿ ಗೋಡೆ, ಎರಡು ಬಾಗಿಲು, ಕನ್ನಡಿ, ತಮ್ಮ ಕುರ್ಚಿ, ಎಲ್ಲವನ್ನೂ ಅಳತೆ ಪ್ರಕಾರ ಬರೆದು ಕೆಳಗೆ ರುಜು ಹಾಕಿ ಕೊಟ್ಟರು. ಬೋರಲಿಂಗಯ್ಯನವರು ಅಳೆಯಬೇಕಾದದ್ದನ್ನೂ ಅಳೆಯಬೇಕಿಲ್ಲದ್ದನ್ನೂ ಅಳೆದರು. ಗಿರಣಿಯವನನ್ನು ಕೇಳಿದಾಗ ಅವನು, ಕೇಳುವವರು ಬಂದರಲ್ಲ ಎಂಬ ಸಮಾಧಾನದಿಂದ, ಗೊತ್ತಿದ್ದದ್ದನ್ನೆಲ್ಲ ಹೇಳಿದ.

ಈಗ ನಮ್ಮ ಕೋರ್ಟಿನಲ್ಲಿ ನೀರನ್ನು ಮೂವರು ನೋಡುತ್ತಾರೆ, ಮತ್ತು ‘ಎರಡೂ ಸಪ್ಪೆ’ ಎಂದು ಬರೆಯುವುದಕ್ಕೆ ಗುಮಾಸ್ತರ ಪುಸ್ತಕದಲ್ಲಿ ಒಂದು ಬೇರೆ ಕಾಲಂ ಹಾಕಿದ್ದಾರೆ. ಹಾಗೆ ಬರೆದ ದಿನ ಬೋರಲಿಂಗಯ್ಯನವರು ಟೇಪು ತೆಗೆದುಕೊಂಡು ಹೊರಡಬೇಕು. ಅವರು ಸ್ವಲ್ಪ ಇಳಿದುಹೋಗಿದ್ದಾರೆ. ಜನರಿಗೆ ಹಂಡೆಯ ಮೇಲೆ ನಂಬಿಕೆ ಹೋಗುತ್ತದೆ ಎಂದು ಮುದ್ದಯ್ಯನವರು ಹೆದರಿದ್ದಂತೆ ಏನೂ ಆಗಲಿಲ್ಲ. ಆ ಹನ್ನೊಂದು ತಿಂಗಳಿನ ಹೇಳಿಕೆಗಳನ್ನು ಒಂದೊಂದಾಗಿ ಮತ್ತೆ ನೀರಿನ ಮುಂದೆ ತರುತ್ತಿದ್ದಾರೆ. ನನ್ನ ಹಳೆಯ ಮೂರು ಮೊಕದ್ದಮೆಗಳನ್ನೂ ಹೊಸದಾಗಿ ತೆರೆದರು. ಒಬ್ಬನನ್ನು ಬಿಟ್ಟರು, ಒಬ್ಬನದು ಇನ್ನೂ ನಡೆಯುತ್ತಿದೆ. ಇನ್ನೊಬ್ಬ ಶಿಕ್ಷೆ ಮುಗಿಸಿ ಹೊರಗೆ ಬಂದು ಸತ್ತು ನಾಲ್ಕು ವರ್ಷವಾಗಿತ್ತು. ಗೋದಾಮಿಗೆ ಬೆಂಕಿ ಹಾಕಿದವರು ಯಾರೆಂದು ಇನ್ನೂ ಗೊತ್ತಾಗಿಲ್ಲ.

ದ್ಯಾವೀರಮ್ಮ ಇಪ್ಪತ್ತಮೂರು ದಿನ ಜೈಲಿನಲ್ಲಿದ್ದು ಮನೆಗೆ ಹೋದಳು. ದಾರಿಯಲ್ಲಿ ಗಿರಣಿಗೆ ಹೋಗಿ ರಾಗಿ ಬೀಸಿಸಿಕೊಂಡಳಂತೆ. ನನಗೆ ಆರು ತಿಂಗಳು ಸಜೆಯಾಯಿತು.